ಅತಿವಾಹಕ ಪೆಲೆಟ್ಟಿನಲ್ಲಿ ಹೆಚ್ಚು ಕರೆಂಟು ಹರಿಸಬೇಕೆಂದರೆ: ಕರಾವಳಿಯ ಲ್ಯಾಬುಗಳಿಗೆ

ಕಾಲೇಜಿನ ಫರ್ನೇಸಿನಲ್ಲಿ ಸುಟ್ಟ ವೈಬಿಸಿಓ (ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಅತಿವಾಹಕ, ಅಂದರೆ ಸಾಕಷ್ಟು ತಣಿಸಿದಾಗ ತಡೆಯಿಲ್ಲದೆ ಕರೆಂಟು ಹರಿಯಬಿಡುವ ವಸ್ತು) ಪೆಲೆಟ್ಟನ್ನು ದ್ರವ ಸಾರಜನಕದಲ್ಲಿ ತಣಿಸಿದರೆ ಅದರ ಮೇಲೆ ಅಯಸ್ಕಾಂತ ತೇಲುತ್ತದೆ. ಅದೇ ಪೆಲೆಟ್ಟಿನಲ್ಲಿ ಕರೆಂಟು ಹರಿಸಿ ನೋಡಿ, ಚದರ ಸೆಂಟಿಮೀಟರಿಗೆ ಕೆಲವು ನೂರು ಆಂಪಿಯರಿಗೇ ವೋಲ್ಟೇಜು ತಲೆಯೆತ್ತುತ್ತದೆ. ಇದೇ ವಸ್ತುವಿನ ಒಳ್ಳೆಯ ತೆಳುಪದರ 77 ಕೆಲ್ವಿನ್‌ನಲ್ಲಿ ಹತ್ತು ಲಕ್ಷ ಆಂಪಿಯರ್ ದಾಟುತ್ತದೆ.

ತೊಂದರೆ ಇರುವುದು ಹರಳಿಗೂ ಹರಳಿಗೂ ನಡುವಿನ ಗಡಿಯಲ್ಲಿ. ಪಕ್ಕಪಕ್ಕದ ಹರಳುಗಳ ದಿಕ್ಕು ಸುಮಾರು 10 ಡಿಗ್ರಿಗಿಂತ ಹೆಚ್ಚು ಬೇರೆಯಾದರೆ ಗಡಿ ದಾಟುವ ಕರೆಂಟು ಕುಸಿಯುತ್ತದೆ ಎಂಬುದನ್ನು 1988ರಲ್ಲಿ ಡಿಮೋಸ್, ಚೌಧರಿ, ಮ್ಯಾನ್‌ಹಾರ್ಟ್ ಮತ್ತು ಸಂಗಡಿಗರು ತೋರಿಸಿದರು. ಹಾಗಾಗಿ ಪೆಲೆಟ್ಟನ್ನು ಮತ್ತೆ ಮತ್ತೆ ಸುಟ್ಟು ಪ್ರಯೋಜನವಿಲ್ಲ. ಕರಗಿಸಿ, ಒಂದೇ ಹರಳಾಗಿ ಬೆಳೆಸಬೇಕು.

ಮೊದಲು 123 ಪುಡಿ, ಅಂದರೆ ಯಿಟ್ರಿಯಂ, ಬೇರಿಯಂ, ತಾಮ್ರ 1:2:3 ಪ್ರಮಾಣದಲ್ಲಿರುವ ವೈಬಿಸಿಓ. ಯಿಟ್ರಿಯಂ ಆಕ್ಸೈಡ್ 1.129 ಗ್ರಾಂ, ಬೇರಿಯಂ ಕಾರ್ಬೊನೇಟ್ 3.947 ಗ್ರಾಂ, ಕಾಪರ್ ಆಕ್ಸೈಡ್ 2.386 ಗ್ರಾಂ, ಹೆಚ್ಚು ಬೇಕಾದರೆ ಇದೇ ಪ್ರಮಾಣದಲ್ಲಿ. ಯಿಟ್ರಿಯಂ ಆಕ್ಸೈಡ್ ಗಾಳಿಯ ತೇವ ಮತ್ತು ಇಂಗಾಲಾಮ್ಲವನ್ನು ಹೀರಿಕೊಳ್ಳುತ್ತದೆ. ಕಾರವಾರದ ಮಳೆಗಾಲದಲ್ಲಂತೂ ಬಾಟಲಿಯಿಂದ ನೇರ ತೂಗಿದರೆ ಲೆಕ್ಕ ತಪ್ಪಿದಂತೆಯೇ. 900 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ ಕೂಡಲೇ ತೂಗಿ. ಬೇರಿಯಂ ಕಾರ್ಬೊನೇಟ್ ವಿಷ, ಮಾಸ್ಕ್ ಮತ್ತು ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಅಗೇಟ್ ಮಾರ್ಟರಿನಲ್ಲಿ ಅರೆದು 910 ಡಿಗ್ರಿಯಲ್ಲಿ 24 ಗಂಟೆ ಸುಡಿ. ಹೀಗೆ ಮೂರು ಸಲ ಅರೆದು ಸುಡಬೇಕು. ಕೊನೆಗೆ ತೂಕ 6.66 ಗ್ರಾಂಗಿಂತ ಹೆಚ್ಚಿದ್ದರೆ ಕಾರ್ಬೊನೇಟ್ ಇನ್ನೂ ಉಳಿದಿದೆ ಎಂದೇ ಅರ್ಥ, ಇನ್ನೊಮ್ಮೆ ಸುಡಿ. ಪುಡಿ ಕಪ್ಪಗಿರಬೇಕು, ಹಸಿರು ಛಾಯೆ ಇರಕೂಡದು.

ಹಸಿರು ಪುಡಿಯನ್ನು ಬೇರೆಯಾಗಿ, ಬೇಕೆಂದೇ ಮಾಡಿಕೊಳ್ಳಬೇಕು. ಅದು 211 (ಯಿಟ್ರಿಯಂ 2, ಬೇರಿಯಂ 1, ತಾಮ್ರ 1): ಅದೇ ಮೂರು ವಸ್ತುಗಳು, ಮೋಲ್ ಲೆಕ್ಕದಲ್ಲಿ ಸಮಸಮ. ತೂಕದಲ್ಲಿ 75 ಪಾಲು 123ಕ್ಕೆ 25 ಪಾಲು 211, ಜೊತೆಗೆ ಶೇ. 0.5 ಸೀರಿಯಂ ಆಕ್ಸೈಡ್ ಬೆರೆಸಿ. ಹರಳಿನೊಳಗೆ ಉಳಿಯುವ ಸಣ್ಣ 211 ಕಣಗಳೇ ಕಾಂತಸುಳಿಗಳನ್ನು (ಅತಿವಾಹಕದೊಳಗೆ ನುಗ್ಗಿದ ಕಾಂತಕ್ಷೇತ್ರದ ಎಳೆಗಳನ್ನು) ಕದಲದಂತೆ ಹಿಡಿಯುವ ಗೂಟಗಳು. ಸುಳಿ ಕದಲಿತೆಂದರೆ ವೋಲ್ಟೇಜು ಬಂತು. ಕಣಗಳು ದಪ್ಪವಾದರೆ ಹಿಡಿತ ಹೋಗುತ್ತದೆ, ಅವು ದಪ್ಪವಾಗದಂತೆ ತಡೆಯುವುದು ಸೀರಿಯಂ.

20 ಮಿ.ಮೀ. ಡೈಯಲ್ಲಿ ಒತ್ತಿದ ಪೆಲೆಟ್ಟನ್ನು ಅಲ್ಯುಮಿನಾ ತಟ್ಟೆಯ ಮೇಲೆ ನೇರ ಇಡಬೇಡಿ, ಕರಗಿದ ದ್ರವ ತಟ್ಟೆಯನ್ನೇ ತಿನ್ನುತ್ತದೆ. ಕೆಳಗೆ ಯಿಟ್ರಿಯಂ ಆಕ್ಸೈಡ್ ಪುಡಿ ಹಾಸಿ. ಮೇಲೆ ನಟ್ಟನಡುವೆ 2 ಮಿ.ಮೀ.ಯ ಸಮೇರಿಯಂ-123 ಹರಳು (ಯಿಟ್ರಿಯಂ ಜಾಗದಲ್ಲಿ ಸಮೇರಿಯಂ ಇರುವ 123), ಅದರ ಸಿ-ಅಕ್ಷ, ಅಂದರೆ ಹರಳಿನ ಪದರಗಳಿಗೆ ಲಂಬವಾದ ದಿಕ್ಕು, ನೇರ ಮೇಲಕ್ಕೆ. ಹಾಲಿಗೆ ಹೆಪ್ಪಿದ್ದಂತೆ ಇದು: ಬೆಳೆಯುವ ಹರಳು ಇದರ ದಿಕ್ಕನ್ನೇ ಹಿಡಿಯುತ್ತದೆ.

1045 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬೇಗ 1010ಕ್ಕೆ ಇಳಿಸಿ, ಅಲ್ಲಿಂದ 970ರವರೆಗೆ ಗಂಟೆಗೆ ಅರ್ಧ ಡಿಗ್ರಿಯಂತೆ. ಒಟ್ಟು 80 ಗಂಟೆ. 1060ರ ಆಸುಪಾಸಿಗೆ ಹೋದರೆ ಹೆಪ್ಪೇ ಕರಗುತ್ತದೆ, ಆದ್ದರಿಂದ ಥರ್ಮೋಕಪಲ್ಲನ್ನು ನಂಬುವ ಮೊದಲು ಪರೀಕ್ಷಿಸಿ. ಅಕ್ಕಸಾಲಿಗರ ಹತ್ತಿರ 24 ಕ್ಯಾರೆಟ್ ಚಿನ್ನದ ಸಣ್ಣ ತಂತಿ ಸಿಗುತ್ತದೆ; ಅದು ಕರಗಿ ಗುಂಡಾಗುವುದು 1064 ಡಿಗ್ರಿಗೆ. 22 ಕ್ಯಾರೆಟ್ ಆಗದು. ಬೆಳ್ಳಿಯೂ ಆಗದು: ಗಾಳಿಯಲ್ಲಿ ಕಾದಾಗ ಆಮ್ಲಜನಕ ಹೀರಿ ಸುಮಾರು ಹತ್ತು ಡಿಗ್ರಿ ಮೊದಲೇ ಕರಗುತ್ತದೆ.

ಈ 80 ಗಂಟೆಯಲ್ಲಿ ಹತ್ತು ನಿಮಿಷ ವಿದ್ಯುತ್ ಹೋದರೂ ಸಾಕು, ಎಲ್ಲೆಡೆ ಒಮ್ಮೆಲೇ ಹರಳುಗಟ್ಟಿ ಕೆಟ್ಟುಹೋಗುತ್ತದೆ. ತಳದಲ್ಲಿ ಸಕ್ಕರೆಗಟ್ಟಿದ ಜೋನಿಬೆಲ್ಲ ನೋಡಿದವರಿಗೆ ಈ ನೋಟ ಗೊತ್ತು. ಶಿರಸಿ, ಸಿದ್ದಾಪುರದ ಕಡೆ ಜನರೇಟರ್ ಇಲ್ಲದವರು ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಳೆದ ಹರಳಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಆಮ್ಲಜನಕ ಹರಿಸುತ್ತ 450 ಡಿಗ್ರಿಯಲ್ಲಿ 150ರಿಂದ 200 ಗಂಟೆ ಬಿಡಿ. ಅವಸರಕ್ಕೆ ಬಿಸಿ ಏರಿಸಿದರೆ ಹರಳು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಕಡಿಮೆಯಾಗುತ್ತದೆ.

ಅಳೆಯುವಾಗ ನಾಲ್ಕು ತಂತಿ (ಎರಡು ಕರೆಂಟಿಗೆ, ಎರಡು ವೋಲ್ಟೇಜಿಗೆ); ವೋಲ್ಟೇಜು ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್ ಮುಟ್ಟಿದಾಗಿನ ಕರೆಂಟೇ ಹರಳು ಹೊರುವ ಮಿತಿ. ಚದರ ಸೆಂಟಿಮೀಟರಿಗೆ 10,000 ಆಂಪಿಯರ್ ಹೊರುವ ಹರಳಿನ 1 ಚದರ ಮಿ.ಮೀ. ತುಂಡಿಗೇ 100 ಆಂಪಿಯರ್ ಬೇಕು, ಅಷ್ಟಕ್ಕೆ ಸಂಪರ್ಕಗಳೇ ಸುಡುತ್ತವೆ. ನಡುವನ್ನು 0.2 ಮಿ.ಮೀ. ಚೌಕಕ್ಕೆ ಸವೆಸಿ ಸೊಂಟ ಮಾಡಿದರೆ 4 ಆಂಪಿಯರ್ ಸಾಕು. ಆರಂಭದಿಂದಲೇ ವೋಲ್ಟೇಜು ಕರೆಂಟಿನ ಜೊತೆ ನೇರ ಗೆರೆಯಲ್ಲಿ ಏರಿದರೆ ಸೊಂಟದಲ್ಲಿ ಬಿರುಕಿದೆ.

ದ್ರವ ಸಾರಜನಕ ಹತ್ತಿರದಲ್ಲಿ ಸಿಗದಿದ್ದರೆ, ದನಗಳ ಕೃತಕ ಗರ್ಭಧಾರಣೆಗೆ ಅದನ್ನು ತರಿಸುವವರಲ್ಲಿ ವಿಚಾರಿಸಿ. ಅಳತೆ ಮುಗಿದ ಹರಳನ್ನು ಬಯಲಿಗೆ ತೆಗೆದರೆ ಕ್ಷಣದಲ್ಲಿ ಮಂಜು, ಆಮೇಲೆ ನೀರು. ಆ ನೀರು ಬೇರಿಯಂ ಅನ್ನು ಹೊರಗೆಳೆದು ಮೇಲ್ಮೈ ಮೇಲೆ ಬಿಳಿ ಪುಡಿ ಕೂರಿಸುತ್ತದೆ, ಒಳಗಿನ ಹರಳು ಅಷ್ಟರ ಮಟ್ಟಿಗೆ ಸತ್ತಿರುತ್ತದೆ. ಫ್ಲಾಸ್ಕಿನ ಕತ್ತಿನಲ್ಲಿ, ದ್ರವದ ಮೇಲಿನ ಒಣ ಸಾರಜನಕದಲ್ಲೇ ಅದನ್ನು ನಿಧಾನ ಎತ್ತಿ, ಮುಚ್ಚಿದ ಒಣ ಚೀಲದಲ್ಲಿ ಕೋಣೆಯ ಬಿಸಿಗೆ ಬರಲಿ. ನಂತರ ಸಿಲಿಕಾ ಜೆಲ್ ಇರುವ ಡಬ್ಬಿಗೆ. ನೀಲಿ ಜೆಲ್ ಗುಲಾಬಿಯಾದರೆ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆರೆದು ನೋಡುತ್ತಿರಿ.