ವೈಂಡಿಂಗ್ ಮಷಿನ್ ನೋಡಲು ಹೋಗುವಾಗ ನಿಮ್ಮ ತಂತಿ ನೀವೇ ಒಯ್ಯಿರಿ

ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಮಷಿನ್ ಬೇಕು ಅಂತ ಯಾರೇ ಹೋಗಲಿ, ಮಾರುವವರ ಬಾಯಲ್ಲಿ ಮೊದಲು ಬರುವುದು ಸ್ಪೀಡ್. ನಿಮಿಷಕ್ಕೆ ಮೂರು ಸಾವಿರ ಸುತ್ತು ಸಾರ್, ನಾಲ್ಕು ಸಾವಿರ ಸುತ್ತು ಸಾರ್. ನಾನೂ ಅದಕ್ಕೇ ಮರುಳಾಗಿ ಒಂದನ್ನು ತಂದೆ. 38 ಗೇಜ್ ತಂತಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) ಹಾಕಿ ಪೆಡಲ್ ಒತ್ತಿದೆ, ಪಟ್ ಅಂತ ತುಂಡಾಯಿತು. ಮತ್ತೆ ಹಾಕಿದೆ, ಮತ್ತೆ ಪಟ್. ನಿಧಾನಕ್ಕೆ ಬಿಟ್ಟರೆ ಮಾತ್ರ ಓಡುತ್ತಿತ್ತು. ನಿಧಾನಕ್ಕೇ ಓಡಿಸುವುದಾದರೆ ಅಷ್ಟು ದುಡ್ಡು ಯಾಕೆ ಕೊಟ್ಟೆ ಅಂತ ಒಂದು ವಾರ ನಿದ್ದೆ ಬರಲಿಲ್ಲ. ನೀವು ಆ ವಾರ ಕಳೆಯುವುದು ಬೇಡ.

ಇಲ್ಲಿ ಹೇಳುತ್ತಿರುವುದು ಬ್ಯಾಟರಿ ಚಾರ್ಜರ್, ಸ್ಟೆಬಿಲೈಜರ್, ಆಂಪ್ಲಿಫೈಯರ್, ಕಂಟ್ರೋಲ್ ಪ್ಯಾನೆಲ್ ಒಳಗೆ ಕೂರುವ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ಬಗ್ಗೆ. ಬೆಂಗಳೂರಿನ ಮೈಸೂರು ರಸ್ತೆಯ ಕವಿಕಾದಲ್ಲಿ (ಕರ್ನಾಟಕ ವಿದ್ಯುತ್ ಕಾರ್ಖಾನೆ) ತಯಾರಾಗುವ ದೊಡ್ಡವುಗಳ ಲೆಕ್ಕವೇ ಬೇರೆ. ಬಳೆಯಾಕಾರದ ಟೊರಾಯ್ಡ್ ಸುತ್ತುವ ಮಷಿನ್ ಕೂಡ ಬೇರೆಯೇ ಜಾತಿ, ಇದರಲ್ಲಿ ಅದು ಆಗುವುದಿಲ್ಲ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕೆಲಸವನ್ನು ಬರೆದಿಟ್ಟುಕೊಳ್ಳಿ. ಯಾವ ಯಾವ ಗೇಜ್ ತಂತಿ, ಎಷ್ಟು ಸುತ್ತು, ಬಾಬಿನ್ (ತಂತಿ ಸುತ್ತುವ ಚೌಕಟ್ಟು) ಅಗಲ ಎಷ್ಟು, ತಿಂಗಳಿಗೆ ಎಷ್ಟು ಪೀಸ್, ಒಂದೇ ಮಾದರಿಯವು ಎಷ್ಟು.

ಒಂದು ಉದಾಹರಣೆ ನೋಡೋಣ. 230 ವೋಲ್ಟ್‌ನಿಂದ 12 ವೋಲ್ಟ್, 2 ಆಂಪಿಯರ್. ಒಂದು ಇಂಚು ಅಗಲದ ನಡುಗಾಲಿರುವ ಇ-ಐ ಸ್ಟ್ಯಾಂಪಿಂಗ್ (E ಮತ್ತು I ಆಕಾರದ ಕಬ್ಬಿಣದ ತಗಡು), ಜೋಡಿಸಿದ ದಪ್ಪವೂ ಒಂದು ಇಂಚು. ನಮ್ಮ 50 ಹರ್ಟ್ಜ್ ಕರೆಂಟಿಗೆ, ಕೋರ್ ಅನ್ನು, ಅಂದರೆ ಈ ತಗಡಿನ ಕಟ್ಟನ್ನು, 1.2 ಟೆಸ್ಲಾ ಕಾಂತಸಾಂದ್ರತೆಗೆ ಓಡಿಸಿದರೆ, ಪ್ರತಿ ವೋಲ್ಟಿಗೆ ಸುಮಾರು 6 ಸುತ್ತು ಬೇಕು. ಅಂದರೆ ಪ್ರೈಮರಿಗೆ (230 ವೋಲ್ಟ್ ಬದಿ) 1380 ಸುತ್ತು, 34 ಗೇಜ್. ಸೆಕೆಂಡರಿಗೆ (12 ವೋಲ್ಟ್ ಬದಿ) 72 ಸುತ್ತು, ಲೋಡ್ ಬಿದ್ದಾಗ ವೋಲ್ಟೇಜ್ ಇಳಿಯುತ್ತದಲ್ವಾ, ಅದಕ್ಕೆ ನಾಲ್ಕು ಸೇರಿಸಿ 76, 20 ಗೇಜ್. ಈಗ ನೋಡಿ, ಒಂದೇ ಟ್ರಾನ್ಸ್‌ಫಾರ್ಮರಿಗೆ ಕೂದಲಿನಂಥ ತಂತಿಯೂ ಬೇಕು, ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ್ದೂ ಬೇಕು. ಮಷಿನ್ ಎರಡನ್ನೂ ಸುತ್ತಬೇಕು. ಎಡವುವುದು ಇಲ್ಲೇ.

ಸ್ಪೀಡಿನ ಲೆಕ್ಕ ನೀವೇ ಹಾಕಿ

1380 ಸುತ್ತಿಗೆ ನಿಮಿಷಕ್ಕೆ 1000 ಸುತ್ತಿನ ಮಷಿನ್ ತೆಗೆದುಕೊಳ್ಳುವುದು 83 ಸೆಕೆಂಡ್. 3000 ಸುತ್ತಿನದ್ದು 28 ಸೆಕೆಂಡ್. ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಆದರೆ 35 ಮಿಲಿಮೀಟರ್ ಅಗಲದ ಬಾಬಿನ್‌ನಲ್ಲಿ ಈ ತಂತಿ ಪದರಕ್ಕೆ 130 ಸುತ್ತು ಕೂತರೆ ಹೆಚ್ಚು, ಅಂದರೆ ಹನ್ನೊಂದು ಪದರ. ನಡುನಡುವೆ ಪೇಪರ್ ಹಾಕುವವರು ಹತ್ತು ಸಲ ನಿಲ್ಲಿಸಬೇಕು. ಆಮೇಲೆ ಲೀಡ್ (ಹೊರಗೆ ಬರುವ ತಂತಿ) ಬೆಸುಗೆ, ಸ್ಲೀವ್, ಟೇಪು. ನಮ್ಮ ಶೆಡ್ಡಿನಲ್ಲಿ ಈ ಕೈಕೆಲಸಕ್ಕೇ ಐದಾರು ನಿಮಿಷ ಹೋಗುತ್ತದೆ. ಹಾಗಾಗಿ ನಿಮಗೆ ಬೇಕಿರುವುದು ಪದರ ಮುಗಿದ ಕಡೆ ತಾನಾಗಿ ನಿಲ್ಲುವ, ಮೆಲ್ಲಗೆ ಶುರುವಾಗುವ, ಹೇಳಿದ ಸುತ್ತಿಗೆ ಸರಿಯಾಗಿ ಬ್ರೇಕ್ ಹಾಕುವ ಮಷಿನ್. ಪೇಪರ್ ಇಲ್ಲದ ಚಿಕ್ಕ ಬಾಬಿನ್‌ಗಳು, ಒಂದೇ ಮಾದರಿಯವು ಸಾವಿರಗಟ್ಟಲೆ ಅಂದರೆ ಮಾತ್ರ ಸ್ಪೀಡು ಲೆಕ್ಕಕ್ಕೆ ಬರುತ್ತದೆ. ಆಗಲೂ ಸ್ಪೀಡಿಗಿಂತ ನಾಲ್ಕು ಬಾಬಿನ್ ಒಟ್ಟಿಗೆ ಸುತ್ತುವ ಮಷಿನ್ ನೋಡುವುದು ವಾಸಿ.

ಯಾವ ಜಾತಿಯ ಮಷಿನ್?

ರಿಪೇರಿ ಅಂಗಡಿ, ವಾರಕ್ಕೆ ಹತ್ತು ಪೀಸ್ ಅನ್ನುವವರಿಗೆ ಕೈಯಲ್ಲಿ ತಿರುಗಿಸುವ, ಕೌಂಟರ್ ಇರುವ ಮಷಿನ್ ಸಾಕು, ನಾಚಿಕೆ ಬೇಡ. ಕೌಂಟರ್ ಎಣಿಸುವುದು ಹ್ಯಾಂಡಲ್ ಸುತ್ತನ್ನೋ ಶಾಫ್ಟ್ ಸುತ್ತನ್ನೋ ಅಂತ ಮಾತ್ರ ನೋಡಿಕೊಳ್ಳಿ, ಗೇರ್ ಇದ್ದರೆ ಎರಡೂ ಒಂದೇ ಅಲ್ಲ.

ಇದರ ಮೇಲಿನದ್ದು ಮೋಟಾರ್, ಪೆಡಲ್, ಗೇರ್‌ನಿಂದ ತಂತಿ ಅತ್ತಿತ್ತ ಸರಿಯುವ ವ್ಯವಸ್ಥೆ. ಗಟ್ಟಿಮುಟ್ಟು. ಆದರೆ ತಂತಿಯ ಗೇಜ್ ಬದಲಾದಾಗಲೆಲ್ಲ ಗೇರ್ ಬದಲಾಯಿಸಬೇಕು. ಬೆಳಿಗ್ಗೆ ಒಂದು ಮಾದರಿ, ಮಧ್ಯಾಹ್ನ ಇನ್ನೊಂದು ಅಂತ ಓಡುವವರಿಗೆ ಇದೇ ತಲೆನೋವು. ಅಂಥವರಿಗೆ ಮೇಜಿನ ಮೇಲಿಡುವ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷಿನ್ ಒಳ್ಳೆಯದು. ಸುತ್ತು, ಅಗಲ, ತಂತಿಯ ದಪ್ಪ, ಶುರುವಾಗುವ ಜಾಗ ಎಲ್ಲವನ್ನೂ ಒತ್ತಿ ಇಟ್ಟರೆ ನೆನಪಿಟ್ಟುಕೊಳ್ಳುತ್ತದೆ. ಒಂದು ಎಚ್ಚರ: ಗೇಜ್ ಪಟ್ಟಿಯಲ್ಲಿರುವುದು ಬರೀ ತಾಮ್ರದ ಅಳತೆ. 34 ಗೇಜ್ ಅಂದರೆ 0.234 ಮಿಲಿಮೀಟರ್, ಎನಾಮೆಲ್ (ತಂತಿ ಮೇಲಿನ ನಿರೋಧಕ ಲೇಪ) ಸೇರಿದರೆ 0.26, 0.27ರ ಹತ್ತಿರ ಬರುತ್ತದೆ. ಪಟ್ಟಿ ನೋಡಿ 0.23 ಕೊಟ್ಟರೆ ಸುತ್ತುಗಳು ಒಂದರ ಮೇಲೊಂದು ಹತ್ತುತ್ತವೆ, ನೀವು ಮಷಿನ್ನನ್ನು ಬೈಯುತ್ತೀರಿ. ಮೈಕ್ರೋಮೀಟರ್ ಹಿಡಿದು ಅಳೆಯಿರಿ.

ಟೆನ್ಷನರ್‌ಗೆ ಜಿಪುಣತನ ಬೇಡ

ಟೆನ್ಷನರ್ ಅಂದರೆ ತಂತಿಯ ಬಿಗಿತವನ್ನು ಒಂದೇ ಸಮ ಇಡುವ ಭಾಗ. ನನ್ನ ತಂತಿ ತುಂಡಾಗಲು ನಿಜವಾದ ಕಾರಣ ಇದೇ, ತಿಳಿಯಲು ತಡವಾಯಿತು. ನಮ್ಮ ಬಾಬಿನ್ ದುಂಡಗಿಲ್ಲ, ಚೌಕ. ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಮೂಲೆ ಬಂದಾಗ ತಂತಿಯನ್ನು ಜಾಸ್ತಿ ಎಳೆಯುತ್ತದೆ, ಚಪ್ಪಟೆ ಬದಿಗೆ ಬಂದಾಗ ಸಡಿಲ ಬಿಡುತ್ತದೆ. ಒಂದು ಸುತ್ತಿಗೆ ನಾಲ್ಕು ಜಗ್ಗಾಟ. 38 ಗೇಜ್ ತಂತಿ ಹೆಚ್ಚುಕಡಿಮೆ 400 ಗ್ರಾಂ ಎಳೆತಕ್ಕೇ ಹರಿಯುವಂಥದ್ದು, ಅದು ಎಷ್ಟು ಅಂತ ತಡೆದೀತು? ಸ್ಪ್ರಿಂಗ್ ತೋಳು ಇರುವ ಟೆನ್ಷನರ್ ಈ ಜಗ್ಗಾಟವನ್ನು ನುಂಗುತ್ತದೆ. ಬರೀ ಎರಡು ಫೆಲ್ಟ್ ತುಂಡಿನ ಮಧ್ಯೆ ತಂತಿ ಹಾಯಿಸಿ ಇದೇ ಟೆನ್ಷನರ್ ಅಂತ ಕೊಟ್ಟರೆ ದಪ್ಪ ತಂತಿಗೆ ನಡೆಯುತ್ತದೆ, ಸಣ್ಣದಕ್ಕೆ ಇಲ್ಲ.

ರೀಲಿನ ಕಥೆಯೂ ಇಷ್ಟೇ. ಸಣ್ಣ ತಂತಿಯ ರೀಲು ತಿರುಗಬಾರದು. ನೆಟ್ಟಗೆ ನಿಲ್ಲಿಸಿ, ತಂತಿಯನ್ನು ಮೇಲಿನಿಂದ ಎಳೆಯಬೇಕು. ಎರಡು ಕೆಜಿ ರೀಲನ್ನು ಕೂದಲಿನಂಥ ತಂತಿಯಿಂದ ತಿರುಗಿಸಲು ಹೋದರೆ ಶುರುವಿನಲ್ಲಿ ಹರಿಯುತ್ತದೆ, ನಿಲ್ಲಿಸಿದಾಗ ರೀಲು ಮುಂದಕ್ಕೆ ಓಡಿ ಗಂಟು ಬೀಳುತ್ತದೆ. ದಪ್ಪ ತಂತಿಗೆ ತಿರುಗುವ ಸ್ಟ್ಯಾಂಡ್ ಸರಿ, ಅದಕ್ಕೊಂದು ಬ್ರೇಕ್ ಇರಲಿ.

ನೋಡಲು ಹೋದಾಗ

ಖಾಲಿ ಮಷಿನ್ ಓಡಿಸಿ ತೋರಿಸಿದರೆ ಒಪ್ಪಬೇಡಿ. ಖಾಲಿ ಓಡುವಾಗ ಎಲ್ಲವೂ ಚೆನ್ನಾಗೇ ಇರುತ್ತದೆ. ನಿಮ್ಮ ಬಾಬಿನ್, ಅದರೊಳಗೆ ಬಿಗಿಯಾಗಿ ಕೂರುವ ಅಚ್ಚು, ನಿಮ್ಮ ಅತಿ ಸಣ್ಣ ತಂತಿ, ಅತಿ ದಪ್ಪ ತಂತಿ, ಒಂದು ಮಲ್ಟಿಮೀಟರ್ ಇಷ್ಟನ್ನು ಒಯ್ಯಿರಿ. ಅಚ್ಚನ್ನು ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಯಾವುದಾದರೂ ಲೇತ್ ಅಂಗಡಿಯಲ್ಲಿ ಮಾಡಿಸಿ, ಶಾಫ್ಟ್ ಹೋಗುವ ತೂತು ನಟ್ಟ ನಡುವೆ ಇರಲಿ.

ಮೊದಲು ಸಣ್ಣ ತಂತಿಯಲ್ಲಿ ಪೂರ್ತಿ ಪ್ರೈಮರಿ ಒಂದಲ್ಲ, ಮೂರು ಬಾಬಿನ್ ಸುತ್ತಿಸಿ. ಬಾಬಿನ್ ಅಂಚಿಗೆ ಬಂದು ತಿರುಗುವ ಜಾಗದಲ್ಲಿ ತಂತಿ ಗುಡ್ಡೆಯಾಗುತ್ತಿದೆಯಾ, ಕೆಳಗಿನ ಪದರಕ್ಕೆ ಜಾರುತ್ತಿದೆಯಾ ನೋಡಿ. ಮೂರರದ್ದೂ ಓಮ್ ಅಳೆಯಿರಿ. ಮೇಲಿನ ಉದಾಹರಣೆಯ ಪ್ರೈಮರಿ 70 ಓಮ್ ಆಸುಪಾಸು ಬರಬೇಕು. ಒಂದು 70, ಇನ್ನೊಂದು 76 ಅಂತ ಬಂದರೆ ಟೆನ್ಷನ್ ಒಂದೇ ಸಮ ಇಲ್ಲ, ತಂತಿ ಹಿಗ್ಗಿ ತೆಳ್ಳಗಾಗುತ್ತಿದೆ ಅಂತ ಅನುಮಾನಪಡಿ. ಆಮೇಲೆ ದಪ್ಪ ತಂತಿ ಹಾಕಿ ತೀರಾ ನಿಧಾನಕ್ಕೆ ಓಡಿಸಲು ಹೇಳಿ. ಅಗ್ಗದ ಮೋಟಾರ್ ಇಲ್ಲಿ ತಿಣುಕುತ್ತದೆ.

ಮಧ್ಯದಲ್ಲಿ ಪ್ಲಗ್ ಕಿತ್ತು ಬಿಡಿ, ಮಾರುವವರು ಗಾಬರಿಯಾದರೂ ಪರವಾಗಿಲ್ಲ. ಮಳೆಗಾಲದಲ್ಲಿ ಬೆಸ್ಕಾಂ ಇದನ್ನೇ ಮಾಡುತ್ತದೆ. ಕರೆಂಟು ಹೋದಾಗ 812 ಇದ್ದರೆ, ಬಂದ ಮೇಲೂ ಕೌಂಟರ್ 812ರಲ್ಲೇ ನಿಂತಿರಬೇಕು, ಸೊನ್ನೆಗೆ ಹೋಗಿದ್ದರೆ ಆ ಬಾಬಿನ್ ಬಿಚ್ಚುವ ಕೂಲಿ ನಿಮ್ಮದೇ.

ದರಪಟ್ಟಿಯಲ್ಲಿ ಟೆನ್ಷನರ್, ಪೆಡಲ್, ರೀಲ್ ಸ್ಟ್ಯಾಂಡ್, ಜಿಎಸ್‌ಟಿ ಸೇರಿದೆಯಾ ಅಂತ ಬರೆಸಿಕೊಳ್ಳಿ. ಬೆಲ್ಟ್, ಸೆನ್ಸರ್, ಪೆಡಲ್ ಸ್ವಿಚ್ ಇಂಥವು ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗುವಂಥದ್ದಾ ಅಂತಲೂ ಕೇಳಿ. ಆ ಮಷಿನ್ನಿಗೆ ಮಾತ್ರ ಮಾಡಿದ ಕಂಟ್ರೋಲ್ ಬೋರ್ಡ್ ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಅನ್ನುವುದನ್ನು ಅವರ ಹಳೆಯ ಗಿರಾಕಿ ಒಬ್ಬರ ಹತ್ತಿರ ಕೇಳಿದರೆ ಜಾಸ್ತಿ ನಿಜ ಗೊತ್ತಾಗುತ್ತದೆ.

ಕೊನೆಯದಾಗಿ, ಅಲ್ಲಿ ಸುತ್ತಿಸಿದ ಮೂರು ಬಾಬಿನ್‌ಗಳನ್ನು ಬಿಟ್ಟು ಬರಬೇಡಿ. ಮನೆಗೆ ತಂದು ಒಂದನ್ನು ಕೈಯಲ್ಲಿ ಬಿಚ್ಚಿ ಎಣಿಸಿ. ಬೇಜಾರಿನ ಕೆಲಸವೇ, ನಾನು ಟಿವಿ ಮುಂದೆ ಕೂತು ಮಾಡಿದ್ದೆ. 1380 ಅಂತ ತೋರಿಸಿದ ಮಷಿನ್ 1384 ಸುತ್ತಿದ್ದರೆ ಪ್ರೈಮರಿಯಲ್ಲಿ ಏನೂ ಆಗುವುದಿಲ್ಲ. ಅದೇ ನಾಲ್ಕು ಸುತ್ತು ಸೆಕೆಂಡರಿಯಲ್ಲಿ ಜಾಸ್ತಿಯಾದರೆ ಸುಮಾರು 0.67 ವೋಲ್ಟ್‌ನಷ್ಟು ಏರುತ್ತದೆ, ಆ ಪೀಸ್ ವಾಪಸ್ ಬರುತ್ತದೆ.