ಎಳೆಯದಕ್ಕೆ ಪಲ್ಯ, ಬಲಿತದ್ದಕ್ಕೆ ಕಡುಬು: ಹಿತ್ತಿಲ ತುಂಬ ಜುಕೀನಿ ಬಿಟ್ಟಾಗ

ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ನಾನು ಹೋಗುವುದು ಮೇ ತಿಂಗಳಲ್ಲಿ. ಆ ಹೊತ್ತಿಗೆ ಅಲ್ಲಿ ಹಿಮದ ಚಳಿ ಕಳೆದು, ಹಿತ್ತಿಲಲ್ಲಿ ಸಸಿ ನೆಡುವ ಕಾಲ ಬಂದಿರುತ್ತದೆ. ಹೋದ ಸಲ ಮಗಳು ಜುಕೀನಿಯ ನಾಲ್ಕು ಸಸಿ ನೆಟ್ಟಿದ್ದಳು. ನಾಲ್ಕು ಜನರ ಮನೆಗೆ ಒಂದು ಗಿಡ ಸಾಕು, ಹೆಚ್ಚೆಂದರೆ ಎರಡು. ಒಂದೊಂದು ಗಿಡವೂ ಮೂರು ನಾಲ್ಕು ಕಿಲೋ ಕಾಯಿ ಕೊಡುತ್ತದೆ, ಮಣ್ಣು ಚೆನ್ನಾಗಿದ್ದರೆ ಇನ್ನೂ ಹೆಚ್ಚು. ಜುಲೈ ನಡುವಿನಲ್ಲಿ ಶುರುವಾದದ್ದು ಸೆಪ್ಟೆಂಬರಿನವರೆಗೂ ನಿಲ್ಲಲಿಲ್ಲ. ಅಡುಗೆಕಟ್ಟೆಯ ಮೇಲೆ, ಫ್ರಿಜ್ಜಿನಲ್ಲಿ, ಗರಾಜಿನ ಬುಟ್ಟಿಯಲ್ಲಿ, ಎಲ್ಲಿ ನೋಡಿದರೂ ಜುಕೀನಿ. ಮೊಮ್ಮಗಳು ತಟ್ಟೆಯ ಮುಂದೆ ಕೂತು "ಇವತ್ತೂ ಅದೇನಾ ಅಮ್ಮ?" ಎಂದು ಕೇಳಿದ ದಿನ ಮಗಳ ಮುಖ ಸಪ್ಪಗಾಯಿತು. ಕಷ್ಟಪಟ್ಟು ಬೆಳೆದದ್ದು, ಎಸೆಯಲು ಮನಸ್ಸು ಬರುವುದಿಲ್ಲ. ಆ ಮರುದಿನದಿಂದ ಅಡುಗೆ ನಾನು ಹಿಡಿದೆ.

ನಾನು ಬೆಳೆದದ್ದು ತೀರ್ಥಹಳ್ಳಿಯ ಕಡೆ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಸೌತೆಕಾಯಿಯದು ಇದೇ ಕಥೆ. ಅಮ್ಮ ಕಾಯಿಯನ್ನು ಕೈಯಲ್ಲಿ ಹಿಡಿದು, ಉಗುರು ಒತ್ತಿ ನೋಡಿ, ಆಮೇಲೆ ಏನು ಅಡುಗೆ ಅಂತ ಹೇಳುತ್ತಿದ್ದರು. ಎಳೆಮಿಡಿಯಾದರೆ ಉಪ್ಪು ಖಾರ ಹಚ್ಚಿ ಮಕ್ಕಳ ಕೈಗೆ. ಹದಕ್ಕೆ ಬಂದದ್ದು ಹುಳಿಗೆ. ಬಣ್ಣ ತಿರುಗಿದ್ದು ದೋಸೆಗೆ, ಕಡುಬಿಗೆ. ಜುಕೀನಿಗೂ ಇದೇ ಲೆಕ್ಕ ಹಿಡಿಯಬೇಕು. ಮಗಳು ಎಲ್ಲ ಗಾತ್ರದ್ದನ್ನೂ ಒಂದೇ ಥರ ಹೆಚ್ಚಿ ಪಲ್ಯ ಮಾಡುತ್ತಿದ್ದಳು, ಬೇಸರ ಬಂದದ್ದು ಅದಕ್ಕೇ. ಇಂಗ್ಲೆಂಡಿನವರು ಎಳೆಯದನ್ನು ಕೂರ್ಜೆಟ್ ಅಂತಲೂ, ಬಲಿತು ದಪ್ಪನಾದದ್ದನ್ನು ಮ್ಯಾರೋ ಅಂತಲೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ ಎಂದು ಅಳಿಯಂದಿರು ಹೇಳಿದಾಗ ನನಗೆ ಬಹಳ ಸಮಾಧಾನವಾಯಿತು. ನೋಡಲು ಸೌತೆಯಂತಿದ್ದರೂ ಇದು ಕುಂಬಳದ ಕುಲ. ಅಮೆರಿಕ ಖಂಡದ ಕುಂಬಳ ಇಟಲಿಗೆ ಹೋಗಿ, ಅಲ್ಲಿ ಮಿಲಾನ್ ಸುತ್ತಮುತ್ತ 19ನೇ ಶತಮಾನದಲ್ಲಿ ಈ ರೂಪ ಪಡೆಯಿತು.

ಮೊದಲು ಕೀಳುವ ಮಾತು. ಗೇಣುದ್ದ ಆಗುವುದರೊಳಗೆ, ಅಂದರೆ ಆರೇಳು ಇಂಚಿಗೆ ಕಿತ್ತುಬಿಡಿ. ಬಿಸಿಲು ಕಾದ ದಿನಗಳಲ್ಲಿ ಎರಡು ದಿನ ಹಿತ್ತಿಲ ಕಡೆ ಹೋಗದಿದ್ದರೆ ಕಾಯಿ ಒನಕೆಯ ಹಾಗೆ ಬೆಳೆದಿರುತ್ತದೆ. ಎಲೆಗಳು ಅಗಲ, ಅವುಗಳ ಅಡಿಯಲ್ಲಿ ಒಂದಾದರೂ ಅಡಗಿ ಕೂತಿರುತ್ತದೆ, ಬಗ್ಗಿ ಎಲೆ ಎತ್ತಿಯೇ ನೋಡಬೇಕು. ದೊಡ್ಡದನ್ನು ಗಿಡದಲ್ಲೇ ಬಿಟ್ಟರೆ ಗಿಡ ಬೀಜ ಬಲಿಸುವುದರಲ್ಲಿ ತೊಡಗಿ ಹೊಸ ಕಾಯಿ ಬಿಡುವುದು ಕಡಿಮೆಯಾಗುತ್ತದೆ. ತಿರುಚಿ ಎಳೆಯಬೇಡಿ, ಒಂದಿಂಚು ತೊಟ್ಟು ಉಳಿಸಿ ಚಾಕುವಿನಿಂದ ಕೊಯ್ಯಿರಿ. ಎಲೆಯ ದಂಟಿನಲ್ಲಿ ಸಣ್ಣ ಮುಳ್ಳಿನಂಥ ಸುಂಕು ಇರುತ್ತದೆ, ತುಂಬುತೋಳಿನ ಅಂಗಿ ಹಾಕಿಕೊಂಡರೆ ಕೈ ತುರಿಸುವುದಿಲ್ಲ. ತಂದದ್ದನ್ನು ತೊಳೆದಿಡಬಾರದು. ಹಾಗೇ ಸಡಿಲವಾದ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ.

ಹೂವನ್ನೂ ಬಿಡಬೇಡಿ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ, ಬರೀ ಸಣ್ಣ ತೊಟ್ಟಿನ ಮೇಲೆ ನಿಂತದ್ದು ಗಂಡು. ಬೆಳಿಗ್ಗೆ ಅರಳಿರುವಾಗ ಗಂಡು ಹೂಗಳನ್ನು ಕೊಯ್ದು, ಒಳಗೆ ಜೇನುಹುಳ ಇದೆಯೋ ಎಂದು ಒಮ್ಮೆ ಕೊಡವಿ ನೋಡಿ, ನಡುವಿನ ಕೇಸರ ತೆಗೆದು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿ. ಕುಂಬಳದ ಹೂವಿನ ಬಜ್ಜಿ ತಿಂದವರಿಗೆ ಅದೇ ರುಚಿ ಸಿಗುತ್ತದೆ. ನಾಲ್ಕೈದು ಗಂಡು ಹೂವಾದರೂ ಗಿಡದಲ್ಲಿರಲಿ, ಇಲ್ಲದಿದ್ದರೆ ಹೆಣ್ಣು ಹೂ ಕಾಯಿ ಕಟ್ಟುವುದಿಲ್ಲ.

ಈಗ ಎಳೆಯ ಕಾಯಿ. ಜುಕೀನಿಯಲ್ಲಿ ನೂರಕ್ಕೆ ತೊಂಬತ್ತನಾಲ್ಕು ತೊಂಬತ್ತೈದು ಪಾಲು ನೀರು. ಅದರ ಅಡುಗೆಯೆಂದರೆ ಈ ನೀರನ್ನು ಸಂಭಾಳಿಸುವ ಅಡುಗೆ. ನಾನು ಮೊದಲ ದಿನ ಬೀನ್ಸ್ ಪಲ್ಯದ ಅಭ್ಯಾಸದಲ್ಲಿ ಒಗ್ಗರಣೆಗೆ ಹೋಳು ಹಾಕಿದ ಕೂಡಲೇ ಉಪ್ಪು ಹಾಕಿ ಮುಚ್ಚಿಟ್ಟೆ, ಐದು ನಿಮಿಷಕ್ಕೆ ಬಾಣಲೆಯಲ್ಲಿ ಸಾರು ನಿಂತಿತು. ಹೋಳು ಸ್ವಲ್ಪ ದಪ್ಪಗಿರಲಿ, ಬಾಣಲೆ ಚೆನ್ನಾಗಿ ಕಾದಿರಲಿ, ಉರಿ ಜೋರಿರಲಿ, ಮುಚ್ಚಳ ಬೇಡವೇ ಬೇಡ. ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆಯಲ್ಲಿ ಹೋಳುಗಳ ಅಂಚು ಕೆಂಪಾಗುವವರೆಗೆ ಬಾಡಿಸಿ, ಇಳಿಸುವಾಗ ಉಪ್ಪು, ಕಾಯಿತುರಿ ಹಾಕಿ. ಅಷ್ಟಾದರೂ ನೀರೊಡೆದರೆ ಎರಡು ಚಮಚ ಹುರಿಗಡಲೆ ಪುಡಿ ಉದುರಿಸಿ, ನೀರನ್ನೂ ಹೀರುತ್ತದೆ, ರುಚಿಯೂ ಬರುತ್ತದೆ. ಬೆರಳುಗಾತ್ರದ ತೀರಾ ಎಳೆಯದಾದರೆ ಬೇಯಿಸುವುದೇ ಬೇಡ. ಸೌತೆಕಾಯಿಯ ಬದಲಿಗೆ ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆಯ ಜೊತೆ ಕೋಸಂಬರಿ ಮಾಡಿ, ನಿಂಬೆರಸ ಮತ್ತು ಉಪ್ಪನ್ನು ಎಲೆಗೆ ಬಡಿಸುವ ಮುಂಚೆ ಬೆರೆಸಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಚ್ಚುವ ಮುಂಚೆ ತೊಟ್ಟಿನ ಕಡೆಯಿಂದ ಒಂದು ಚೂರು ನಾಲಿಗೆಗಿಟ್ಟು ನೋಡಿ. ಕಹಿ ಇದ್ದರೆ ಉಗುಳಿ, ಬಾಯಿ ತೊಳೆದುಕೊಂಡು, ಇಡೀ ಕಾಯಿಯನ್ನು ಎಸೆಯಿರಿ. ಕಹಿ ಸೋರೆಕಾಯಿ ವಿಷ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಇದೂ ಅದೇ. ಕುಕುರ್ಬಿಟಾಸಿನ್ ಎಂಬ ಕಹಿಯ ಅಂಶ ಬೇಯಿಸಿದರೂ ಹೋಗುವುದಿಲ್ಲ. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲೇ ಬೆಳೆದ ಕಹಿ ಜುಕೀನಿ ತಿಂದು ಒಬ್ಬ ಹಿರಿಯರು ತೀರಿಕೊಂಡರು. ಅಂಗಳದಲ್ಲಿ ಅಲಂಕಾರದ ಕುಂಬಳ ಬೆಳೆಸಿದ್ದರೆ ಅದರ ಪರಾಗ ಬೆರೆತು ಮುಂದಿನ ವರ್ಷದ ಬೀಜದಲ್ಲಿ ಕಹಿ ಬರಬಹುದು. ಅದಕ್ಕೇ ಜುಕೀನಿಯ ಬೀಜವನ್ನು ಮನೆಯಲ್ಲಿ ಎತ್ತಿಡಬೇಡಿ, ಪ್ರತಿ ವರ್ಷ ಅಂಗಡಿಯಿಂದಲೇ ತನ್ನಿ.

ಹದಕ್ಕೆ ಬಂದ ಕಾಯಿ, ಅಂದರೆ ಒಂದು ಗೇಣಿಗಿಂತ ಹೆಚ್ಚಾಗಿ ಬೀಜ ಇನ್ನೂ ಮೆತ್ತಗಿರುವುದು, ಹುಳಿಗೂ ಮಜ್ಜಿಗೆಹುಳಿಗೂ ಸರಿ. ಬೇಳೆಯ ಜೊತೆ ಕುಕ್ಕರಿಗೆ ಹಾಕಿದರೆ ಒಂದೇ ಕೂಗಿಗೆ ಕರಗಿಹೋಗುತ್ತದೆ. ಬೇಳೆ ಬೇರೆ ಬೇಯಲಿ, ಹುಣಸೆರಸ, ಹುಳಿಪುಡಿ, ಬೆಲ್ಲ ಹಾಕಿ ಕುದಿ ಬಂದಮೇಲೆ ದಪ್ಪ ಹೋಳು ಹಾಕಿ ಐದಾರು ನಿಮಿಷಕ್ಕೆ ಇಳಿಸಿ. ಮಜ್ಜಿಗೆಹುಳಿಗೆ ಬೂದುಗುಂಬಳ ಸಿಗದ ಊರಿನಲ್ಲಿ ಇದಕ್ಕಿಂತ ಒಳ್ಳೆಯ ತರಕಾರಿ ನನಗೆ ಕಾಣಲಿಲ್ಲ. ನೆನೆಸಿದ ಕಡಲೆಬೇಳೆ, ಕಾಯಿತುರಿ, ಹಸಿಮೆಣಸು, ಜೀರಿಗೆ, ಚೂರು ಶುಂಠಿ ರುಬ್ಬಿ, ಬೆಂದ ಹೋಳಿಗೆ ಸೇರಿಸಿ ಕುದಿಸಿ, ಉರಿ ಸಣ್ಣ ಮಾಡಿ ಕಡೆದ ಮೊಸರು ಹಾಕಿ. ಅಂಗಡಿಯ ಮೊಸರು ಹುಳಿ ಸಾಲದಿದ್ದರೆ ರಾತ್ರಿಯಿಡೀ ಹೊರಗಿಡಿ.

ಹೆರೆದ ಸಿಪ್ಪೆಯನ್ನು ಹೀರೆಕಾಯಿ ಸಿಪ್ಪೆಯಂತೆ ಎಣ್ಣೆಯಲ್ಲಿ ಗರಿಗರಿ ಹುರಿದು, ಉದ್ದಿನಬೇಳೆ, ಒಣಮೆಣಸು, ಹುಣಸೆ, ಕಾಯಿ ಜೊತೆ ಚಟ್ನಿ ರುಬ್ಬಿ.

ಇನ್ನು ಬಲಿತದ್ದು. ಎಲ್ಲರೂ ಭಯಪಡುವುದು, ಕಾಂಪೋಸ್ಟಿಗೆ ಹಾಕುವುದು ಇದನ್ನೇ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಉಗುರು ನಾಟದಷ್ಟು ಸಿಪ್ಪೆ ಗಟ್ಟಿಯಾಗಿದ್ದರೆ ಗಾಬರಿ ಬೇಡ, ತಂಪಾದ ಒಣ ಜಾಗದಲ್ಲಿ ಕೆಲವು ವಾರ ಇರುತ್ತದೆ. ಊರಿನಲ್ಲಿ ಸೌತೆಕಾಯಿಗೆ ಬಾಳೆಪಟ್ಟೆ ಕಟ್ಟಿ ಅಡುಗೆಮನೆಯ ಜಂತಿಗೆ ನೇತುಹಾಕುತ್ತಿದ್ದೆವಲ್ಲ, ಗರಾಜಿನ ಮೊಳೆಗೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ಸಾಕು. ಅಡುಗೆಗೆ ತೆಗೆದಾಗ ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಚಮಚದಲ್ಲಿ ಬೀಜವನ್ನೂ ಮೆತ್ತನೆಯ ತಿರುಳನ್ನೂ ಕೆರೆದು ತೆಗೆಯಿರಿ. ಉಳಿಯುವ ಬಿಳಿ ಗಟ್ಟಿ ಭಾಗ ತುರಿಯಲು ಬಹಳ ಚೆಂದ.

ದೋಸೆಗೆ ಎರಡು ಕಪ್ ಅಕ್ಕಿ ನಾಲ್ಕೈದು ಗಂಟೆ ನೆನೆಸಿ, ಮೂರು ಕಪ್ ತುರಿ, ಉಪ್ಪು ಹಾಕಿ ರುಬ್ಬಿ. ನೀರು ಹಾಕಬೇಡಿ, ತುರಿಯ ನೀರೇ ಸಾಕಾಗುತ್ತದೆ. ಹುಳಿ ಬರಿಸಬೇಕಾಗಿಲ್ಲ, ರುಬ್ಬಿದ ಕೂಡಲೇ ಹುಯ್ದು ಮುಚ್ಚಿ ಬೇಯಿಸಿ. ಸೌತೆಕಾಯಿ ದೋಸೆಯಷ್ಟೇ ಮೆತ್ತಗೆ ಬರುತ್ತದೆ, ಬೆಣ್ಣೆ ಬೆಲ್ಲದ ಜೊತೆ ಮೊಮ್ಮಗಳು ನಾಲ್ಕು ತಿಂದಳು. ಅಕ್ಕಿರೊಟ್ಟಿಗೆ ತುರಿಗೆ ಮೊದಲು ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ನೀರು ಬಿಟ್ಟಮೇಲೆ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸು, ಜೀರಿಗೆ ಸೇರಿಸಿ, ಆ ನೀರು ಎಷ್ಟು ಹಿಟ್ಟು ಕೇಳುತ್ತದೋ ಅಷ್ಟೇ ಅಕ್ಕಿಹಿಟ್ಟು ಹಾಕಿ ಕಲಸಿ. ಪಲ್ಯದಲ್ಲಿ ಕಾಡಿದ ಉಪ್ಪಿನ ನೀರು ಇಲ್ಲಿ ಕೆಲಸಕ್ಕೆ ಬರುತ್ತದೆ.

ಕಡುಬಿಗೆ ಎರಡು ಕಪ್ ಅಕ್ಕಿತರಿಯನ್ನು ಘಮ ಬರುವಂತೆ ಹುರಿದು, ಆರಿದ ಮೇಲೆ ಮೂರು ಕಪ್ ತುರಿ, ಒಂದು ಕಪ್ ಕಾಯಿತುರಿ, ಮುಕ್ಕಾಲು ಕಪ್ ಬೆಲ್ಲದ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ ಬೆರೆಸಿ ಅರ್ಧ ಗಂಟೆ ಬಿಡಿ. ತರಿ ನೀರನ್ನು ಕುಡಿದು ಗಟ್ಟಿಯಾಗುತ್ತದೆ. ಬಾಳೆಲೆಯಲ್ಲಿ ಮಡಚಿ ಇಪ್ಪತ್ತೈದು ನಿಮಿಷ ಆವಿಯಲ್ಲಿ ಬೇಯಿಸಿ. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಬಾಳೆಲೆ ಸಿಗುತ್ತದೆ. ಸಿಗದಿದ್ದರೆ ಇಡ್ಲಿತಟ್ಟೆಗೆ ತುಪ್ಪ ಸವರಿ. ಆದರೆ ಎಲೆಯ ವಾಸನೆ ಇಲ್ಲದ ಕಡುಬು ಅರ್ಧ ಕಡುಬು, ಸಾಧ್ಯವಾದರೆ ಎಲೆಯನ್ನೇ ಹುಡುಕಿ ತನ್ನಿ. ಹಬ್ಬದ ದಿನಕ್ಕಾದರೆ ಕಾಶಿಹಲ್ವದ ಹಾಗೆ ಹಲ್ವ ಮಾಡಿ: ನಾಲ್ಕು ಕಪ್ ತುರಿಯನ್ನು ಬಟ್ಟೆಯಲ್ಲಿ ಹಿಂಡಿ, ತುಪ್ಪದಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದು, ಒಂದು ಕಪ್ ಸಕ್ಕರೆ, ಕೇಸರಿ, ಮತ್ತಷ್ಟು ತುಪ್ಪ ಹಾಕಿ ತಳ ಬಿಡುವವರೆಗೆ ಕೈ ಬಿಡದೆ ಮಗುಚಿ. ಹಿಂಡಿದ ನೀರು ಸಾರಿಗೋ ಚಪಾತಿ ಹಿಟ್ಟಿಗೋ ಆಗುತ್ತದೆ.

ಹಂಚುವುದಾದರೆ ಎಳೆಯದನ್ನೇ ಹಂಚಿ. ಅಮೆರಿಕದಲ್ಲಿ ಆಗಸ್ಟ್ 8ನ್ನು ನೆರೆಮನೆಯ ಜಗುಲಿಯಲ್ಲಿ ಸದ್ದಿಲ್ಲದೆ ಜುಕೀನಿ ಇಟ್ಟು ಬರುವ ದಿನ ಎಂದೇ ಆಚರಿಸುತ್ತಾರಂತೆ, ಅಷ್ಟು ಹೆಚ್ಚು ಬೆಳೆ ಎಲ್ಲರ ಹಿತ್ತಿಲಲ್ಲೂ. ನಾವು ಬಾಗಿಲು ತಟ್ಟಿ ಕೈಗೇ ಕೊಟ್ಟೆವು. ಪಕ್ಕದ ಮನೆಯಾಕೆ ಮರುದಿನ ಅದರದೇ ದಾಲ್ಚಿನ್ನಿ ಹಾಕಿದ ಬ್ರೆಡ್ಡು ಮಾಡಿ ತಂದುಕೊಟ್ಟರು.

ಉಳಿದದ್ದನ್ನು ಚಳಿಗಾಲಕ್ಕೆ ಕಟ್ಟಿಡಬಹುದು. ಬಾಟಲಿಯಲ್ಲಿ ತುಂಬಿ ಮುಚ್ಚಿಡುವ ಕ್ಯಾನಿಂಗ್ ಮಾತ್ರ ಬೇಡ. ಹುಳಿಯಿಲ್ಲದ ತರಕಾರಿಯಲ್ಲಿ ಬಾಟುಲಿಸಮ್ ಎಂಬ ಕಾಯಿಲೆ ತರುವ ವಿಷ ಹುಟ್ಟುವ ಅಪಾಯವಿದೆ, ಅಮೆರಿಕದ ಕೃಷಿ ಇಲಾಖೆಯೂ ಜುಕೀನಿಯನ್ನು ಹಾಗೆ ಇಡುವ ಸಲಹೆಯನ್ನು ಹಿಂದಕ್ಕೆ ಪಡೆದಿದೆ. ನಮ್ಮ ಥರದ ಉಪ್ಪಿನಕಾಯಿ ಹಾಕಿದರೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಫ್ರೀಜರ್ ಎಲ್ಲಕ್ಕಿಂತ ಸುಲಭ. ತುರಿಯನ್ನು ಸ್ವಲ್ಪ ಸ್ವಲ್ಪವೇ ಆವಿಯಲ್ಲಿ ಒಂದೆರಡು ನಿಮಿಷ ಹಿಡಿದು, ಬೇಗ ತಣಿಸಿ, ಮೂರು ಮೂರು ಕಪ್ಪಿನ ಚೀಲಗಳಲ್ಲಿ ಚಪ್ಪಟೆಯಾಗಿ ತುಂಬಿ, ಮೇಲೆ ತಾರೀಖು ಬರೆಯಿರಿ. ಮೂರು ಕಪ್ಪು ಯಾಕೆಂದರೆ ದೋಸೆಗೂ ಕಡುಬಿಗೂ ಒಂದೇ ಅಳತೆ. ನಾನು ಹೊರಡುವ ಮುಂಚೆ ಹದಿನಾಲ್ಕು ಚೀಲ ಕಟ್ಟಿಟ್ಟು ಬಂದೆ.

ಜನವರಿಯಲ್ಲಿ ಒಂದು ಸಂಜೆ ಮಗಳ ಫೋನು. ಅವಳಿಗೆ ಬೆಳಿಗ್ಗೆ, ಹೊರಗೆ ಹಿಮ ಬೀಳುತ್ತಿದೆ. "ಅಮ್ಮ, ಆಗಸ್ಟ್ ಮೂರನೇ ತಾರೀಖಿನ ಚೀಲ ತೆಗ್ದಿದೀನಿ. ಕರಗಿ ತುಂಬಾ ನೀರು ಬಿಟ್ಟಿದೆ, ಬಸಿದು ಚೆಲ್ಲಿಬಿಡ್ಲಾ?"

"ಚೆಲ್ಬೇಡ್ವೇ," ಅಂದೆ. "ಆ ನೀರಲ್ಲೇ ಅಕ್ಕಿ ರುಬ್ಬು."