ಬಲ್ಬು ಪದೇ ಪದೇ ಹೋಗ್ತಿದೆಯಾ? ಅಂಗಡಿಗೆ ಓಡುವ ಮೊದಲು ಹೋಲ್ಡರ್ ನೋಡಿ

ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಒಂದೇ ಮಳೆಗಾಲದಲ್ಲಿ ನಾಲ್ಕು ಎಲ್‌ಇಡಿ ಬಲ್ಬು ಹೋದವು. ನಾಲ್ಕೂ ಬಚ್ಚಲುಮನೆಯವೇ. ಪ್ರತಿ ಸಲವೂ ‘ಈಗಿನ ಮಾಲೇ ಇಷ್ಟು’ ಎಂದು ಬೈದುಕೊಂಡು ಸಂತೆ ದಿನ ಹೊಸದು ತಂದೆವು. ಐದನೆಯದನ್ನು ಹಾಕಲು ಸ್ಟೂಲ್ ಹತ್ತಿದಾಗ ಅತ್ತೆ ಕೇಳಿದರು: ‘ಅಡುಗೆಮನೇದು ಮೂರು ವರ್ಷದಿಂದ ಉರೀತಿದೆ. ಅದೂ ಅದೇ ಅಂಗಡೀದು ಅಲ್ವಾ?’

ಹೌದಲ್ಲ! ಬಲ್ಬಿನ ಡಬ್ಬಿ ಮೇಲೆ 15,000 ಗಂಟೆ, 25,000 ಗಂಟೆ ಎಂದು ಬರೆದಿರುತ್ತದೆ. ದಿನಕ್ಕೆ 5 ಗಂಟೆ ಉರಿಸಿದರೆ 15,000 ಗಂಟೆಗೆ 8 ವರ್ಷ ಬೇಕು. ಹಳೇ ತಂತಿ ಬಲ್ಬಿಗೆ 1,000 ಗಂಟೆಯೇ ಆಯಸ್ಸು, ಅದು ಆರೇಳು ತಿಂಗಳಿಗೆ ಹೋದರೆ ಲೆಕ್ಕ ಸರಿ. ಎಲ್‌ಇಡಿ ಎರಡು ತಿಂಗಳಿಗೆ ಹೋಯಿತು ಎಂದರೆ ಎಲ್ಲೋ ಬೇರೆ ಕಡೆ ತೊಂದರೆ ಇರಬಹುದು.

ಹುಡುಕಲು ಮೊದಲು ಬೇಕಾದ್ದು ಒಂದು ಮಾರ್ಕರ್ ಪೆನ್. ಹೊಸ ಬಲ್ಬಿನ ಕುತ್ತಿಗೆ ಮೇಲೆ ಹಾಕಿದ ದಿನಾಂಕ, ಯಾವ ಕೋಣೆ ಎಂದು ಬರೆಯಿರಿ. ಒಂದೇ ಜಾಗದಲ್ಲಿ ಹೋಗುತ್ತಿದ್ದರೆ ಅನುಮಾನ ಆ ಜಾಗದ ಮೇಲೆ. ಮನೆಯಿಡೀ ಹೋಗುತ್ತಿದ್ದರೆ ಕರೆಂಟಿನ ಮೇಲೆ. ಗುಡುಗು ಸಿಡಿಲಿನ ಮರುದಿನವೇ ಹೋದರೆ ಕಾರಣ ಹೇಳಬೇಕಿಲ್ಲ.

ಸತ್ತ ಬಲ್ಬಿನ ತಳ ತಿರುಗಿಸಿ

ತಳದಲ್ಲಿ ಬೆಸುಗೆಯ ಎರಡು ಬೊಟ್ಟು ಇರುತ್ತವೆ. ಅವು ನುಣ್ಣಗೆ ಹೊಳೆಯುತ್ತಿದ್ದರೆ ಹೋಲ್ಡರ್ ಚೆನ್ನಾಗಿದೆ. ಕಪ್ಪಾಗಿ, ಕುಳಿ ಬಿದ್ದು, ಸುಟ್ಟಂತೆ ಕಂಡರೆ ಕಳ್ಳ ಸಿಕ್ಕ. ಹೋಲ್ಡರ್ ಒಳಗಿನ ಎರಡು ಪಿನ್ನುಗಳ ಹಿಂದೆ ಸ್ಪ್ರಿಂಗ್ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಕಾದು ಕಾದು ಅದು ಸೋಲುತ್ತದೆ. ಪಿನ್ನು ಬೊಟ್ಟಿಗೆ ಗಟ್ಟಿಯಾಗಿ ಒತ್ತುವುದಿಲ್ಲ, ನಡುವೆ ಸಣ್ಣ ಸಣ್ಣ ಕಿಡಿ ಹಾರುತ್ತದೆ. ಕಿವಿಗೊಟ್ಟರೆ ‘ಚುರ್’ ಅನ್ನುವ ಸದ್ದೂ ಕೇಳುತ್ತದೆ. ಕರೆಂಟು ಹೀಗೆ ಕ್ಷಣಕ್ಷಣಕ್ಕೆ ಹೋಗಿ ಬಂದು ಮಾಡಿದರೆ ಬಲ್ಬಿನ ಒಳಗೆ ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಸರ್ಕ್ಯೂಟ್ ತಡೆಯುವುದಿಲ್ಲ.

ನೋಡುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟು ತರುವ ವೈರು) ಬದಲು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ) ವೈರಿಗೆ ಕೊಟ್ಟಿರುವುದುಂಟು. ಆಗ ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಆಮೇಲೂ ಟೆಸ್ಟರ್ ಹಿಡಿದು ನೋಡಿಯೇ ಕೈ ಹಾಕಿ. ಪಿನ್ನನ್ನು ಒಣ ಕಡ್ಡಿಯಿಂದ ಒತ್ತಿದರೆ ಚಿಮ್ಮಿ ಹೊರಗೆ ಬರಬೇಕು. ಬರದಿದ್ದರೆ ಉಜ್ಜುವುದು, ಎಳೆಯುವುದು ಎಲ್ಲ ಸುಮ್ನೆ ಕಾಲಹರಣ. ಕಾಫಿ ತಿಂಡಿಯ ದುಡ್ಡಿಗೆ ಹೊಸ ಹೋಲ್ಡರ್ ಬರುತ್ತದೆ, ಬದಲಾಯಿಸಿ. ವೈರಿನ ತುದಿ ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸದಾಗಿ ಬಿಡಿಸಿಕೊಂಡು ಸ್ಕ್ರೂ ಬಿಗಿಯಬೇಕು. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ನಮ್ಮ ಬಚ್ಚಲಿನ ಹೋಲ್ಡರ್ ಅರ್ಧ ತಪ್ಪಿತಸ್ಥ. ಉಳಿದರ್ಧ ಬಲ್ಬಿಗೆ ಹೊದಿಸಿದ ಗಾಜಿನ ಬುರುಡೆಯದು. ಮಾವನ ಕಾಲದ ಮುಚ್ಚಿದ ಬುರುಡೆ, ನೋಡಲು ಚೆಂದ. ಅದು ತಂತಿ ಬಲ್ಬಿಗೆಂದು ಮಾಡಿದ್ದು. ತಂತಿ ಬಲ್ಬು ಬಿಸಿಗೆ ಅಷ್ಟು ಹೆದರುವುದಿಲ್ಲ, ಎಲ್‌ಇಡಿ ಹೆದರುತ್ತದೆ. ಅದರ ಕುತ್ತಿಗೆಯೊಳಗೆ ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಕೆಪಾಸಿಟರ್ ಎಂಬ ಸಣ್ಣ ಭಾಗ ಇದೆ. ಬಿಸಿ 10 ಡಿಗ್ರಿ ಜಾಸ್ತಿಯಾದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮುಚ್ಚಿದ ಬುರುಡೆಯಲ್ಲಿ ಗಾಳಿಯಾಡದೆ ಬಲ್ಬು ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಇನ್ನು ಹಂಡೆಯ ಹಬೆ ಬೇರೆ. ಬುರುಡೆ ತೆಗೆದು, ರಬ್ಬರ್ ವಾಷರ್ ಇರುವ, ಐಪಿ 65 ಎಂದು ಬರೆದ, ಧೂಳು ನೀರು ಒಳಗೆ ಬಿಡದ ಲೈಟನ್ನೇ ಹಾಕಿದೆವು. ಗೇಟಿನ ಕಂಬದ ದೀಪಕ್ಕೂ ಇದೇ ಮಾತು. ಮೊದಲ ಮಳೆ ಬಿದ್ದಾಗ ರೆಕ್ಕೆ ಗೆದ್ದಲು ಬುರುಡೆಯೊಳಗೆ ರಾಶಿ ಬೀಳುತ್ತವೆ, ಅದನ್ನಾದರೂ ಕೊಡವಿ.

ಮನೆಯಿಡೀ ಹೋಗುತ್ತಿದ್ದರೆ

ನಮ್ಮಲ್ಲಿ ಬರಬೇಕಾದ್ದು 230 ವೋಲ್ಟ್. ನಿಯಮದ ಪ್ರಕಾರ ಶೇ 6ರಷ್ಟು ಹೆಚ್ಚು ಕಡಿಮೆ ಆಗಬಹುದು, ಅಂದರೆ 216ರಿಂದ 244. ಮಲ್ಟಿಮೀಟರನ್ನು ಎಸಿ ವೋಲ್ಟಿನ 600 ಅಥವಾ 750ಕ್ಕೆ ತಿರುಗಿಸಿ ಪ್ಲಗ್ಗಿನಲ್ಲಿ ಅಳೆಯಿರಿ. ಸಂಜೆ 7ಕ್ಕೆ ಒಮ್ಮೆ, ರಾತ್ರಿ 12ರ ಮೇಲೆ ಒಮ್ಮೆ. ತೋಟದ ಊರುಗಳಲ್ಲಿ ಲೈನು ಉದ್ದ. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಅದೇ ಲೈನಿನ ಮೋಟರುಗಳು ಓಡಿದರೆ ವೋಲ್ಟೇಜ್ ಕುಸಿಯುತ್ತದೆ, ಎಲ್ಲ ನಿಂತ ಮೇಲೆ ಏರುತ್ತದೆ. ರಾತ್ರಿ ಹೊತ್ತು 250 ದಾಟುತ್ತಿದ್ದರೆ ಬರೆದಿಟ್ಟುಕೊಂಡು ದೂರು ಕೊಡಿ.

ನಿಜವಾಗಿ ಭಯಪಡಬೇಕಾದ್ದು ಸಡಿಲ ನ್ಯೂಟ್ರಲ್‌ಗೆ. ಮಿಕ್ಸಿ ಹಾಕಿದಾಗ ಒಂದು ಕೋಣೆಯ ದೀಪ ಮಂಕಾಗಿ, ಇನ್ನೊಂದು ಕೋಣೆಯದು ಜೋರಾಗಿ ಉರಿಯುತ್ತಿದೆಯಾ? ನಿಮ್ಮದು ಮೂರು ಫೇಸಿನ ಮನೆಯಾದರೆ ಇದೇ ಸೂಚನೆ. ನ್ಯೂಟ್ರಲ್ ಪೂರ್ತಿ ಕಡಿದರೆ ಒಂದು ಫೇಸಿನ ಮೇಲೆ 400ರ ಹತ್ತಿರದವರೆಗೂ ಏರಬಹುದು. ಆಗ ಬಲ್ಬಿನ ಜೊತೆ ಟಿವಿ, ಫ್ರಿಜ್ಜೂ ಹೋಗುತ್ತವೆ. ಕೂಡಲೇ ಮೇನ್ ಆಫ್ ಮಾಡಿ. ಒಂದೇ ಫೇಸಿನ ಮನೆಯಲ್ಲಿ ಒಳಗಿನ ನ್ಯೂಟ್ರಲ್ ಸಡಿಲವಾದರೆ ಇಷ್ಟು ಏರುವುದಿಲ್ಲ, ಎಲ್ಲ ದೀಪ ಮಿಣುಕುತ್ತವೆ. ಆದರೆ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಹತ್ತಿರ ಕಡಿದರೆ ಒಂದೇ ಫೇಸಿನ ಮನೆಯವರಿಗೂ ಅಪಾಯವೇ. ಗಾಳಿ ಮಳೆಗೆ ಸಿಲ್ವರ್ ಮರದ ಕೊಂಬೆ ಲೈನಿಗೆ ಬಿದ್ದ ಮೇಲೆ ದೀಪ ವಿಚಿತ್ರವಾಗಿ ಉರಿದರೆ ಇದನ್ನು ನೆನಪಿಡಿ. ಮೀಟರಿನ ಆಚೆಗಿನದು ನಮ್ಮ ಕೆಲಸವಲ್ಲ, ಸೀಲ್ ಮುಟ್ಟಬೇಡಿ. ಕರೆಂಟು ಕಂಪನಿ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್. ಎರಡಕ್ಕೂ ಫೋನ್ ನಂಬರ್ 1912.

ಇನ್ನು ಬಲ್ಬನ್ನೇ ಬೈಯುವ ಸರದಿ. ಕರೆಂಟು ಹೋದಾಗ ಬ್ಯಾಟರಿಯಿಂದ ದೀಪ ಉರಿಸುವ ಯುಪಿಎಸ್‌ನಲ್ಲಿ ಕಡಿಮೆ ಬೆಲೆಯ ಸ್ಕ್ವೇರ್ ವೇವ್ (ಕರೆಂಟಿನ ಅಲೆ ನಯವಾಗಿರದ) ಬಗೆಗೆ ಕೆಲವು ಎಲ್‌ಇಡಿ ಹೊಂದುವುದಿಲ್ಲ. ಬೆಳಕು ಹೆಚ್ಚು ಕಡಿಮೆ ಮಾಡುವ ಹಳೇ ಡಿಮ್ಮರ್ ಇರುವಲ್ಲಿ ಡಿಮ್ಮರಿಗೆ ಒಗ್ಗುವ ಬಲ್ಬನ್ನೇ ಕೇಳಿ ತನ್ನಿ. ಡಬ್ಬಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಎಂದು ಶುರುವಾಗುವ ನೋಂದಣಿ ಸಂಖ್ಯೆ, ಎಷ್ಟು ವೋಲ್ಟಿನವರೆಗೆ ತಡೆಯುತ್ತದೆ ಎನ್ನುವುದು, ಇಷ್ಟು ನೋಡಿದರೆ ಸಾಕು. ಬಿಲ್ಲನ್ನು ಡಬ್ಬಿಯೊಳಗೇ ಮಡಚಿಡಿ, ಗ್ಯಾರಂಟಿ ಇದ್ದಾಗ ಬೇಕಾಗುತ್ತದೆ. ನಮ್ಮ ನಾಲ್ಕರಲ್ಲಿ ಎರಡಕ್ಕೆ ಬಿಲ್ ಸಿಕ್ಕಿತು, ಅಂಗಡಿಯವರು ಬದಲಾಯಿಸಿ ಕೊಟ್ಟರು. ಉಳಿದೆರಡರದು ಒಲೆ ಹಚ್ಚಲು ಹೋಗಿತ್ತಂತೆ.